ಮಣ್ಣಿಗೆ ಹೆಪ್ಪು

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನೆನಪುಗಳನ್ನು ಬರೆಯುವವರು ಅನೇಕರಿರುವುದರಿಂದ ನಾನು ಪಾಠವನ್ನೇ ಬರೆಯುವೆನೆಂದು ಒಪ್ಪಿಕೊಂಡೆ. ಅಕ್ಕಲಕೋಟ ಸೀಮೆಯ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದಿಗೂ ಒಕ್ಕಲುತನವನ್ನೇ ನಂಬಿದವರು. ಅವರ ಮನೆಗಳಿಗೆ ಈಗ ‘ಜೈವಿಕ ಗೊಬ್ಬರ’, ‘ಜೈವಿಕ ಉತ್ತೇಜಕ’ ಎಂಬ ಹೆಸರಿನ ಪೊಟ್ಟಣಗಳೂ ಬಾಟಲಿಗಳೂ ಬರುತ್ತಿವೆ. ಕೊಂಡವರಲ್ಲಿ ಕೆಲವರು ‘ಗುಣ ಬಂತು’ ಎನ್ನುತ್ತಾರೆ. ಕೆಲವರು ‘ದುಡ್ಡು ಮಣ್ಣುಪಾಲಾಯಿತು’ ಎನ್ನುತ್ತಾರೆ. ಇಬ್ಬರ ಮಾತೂ ನಿಜವಿರಬಹುದು. ಕಾರಣವನ್ನು ವಿಚಾರಿಸೋಣ.

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಭಾಗ ಸಾರಜನಕವಿದೆ. ಆದರೆ ಯಾವ ಗಿಡವೂ ಅದನ್ನು ನೇರವಾಗಿ ಉಣ್ಣಲಾರದು. ತೊಗರಿಯ ಬೇರಿನ ಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ವರ್ಗದ ಜೀವಾಣುಗಳು ಅದನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗಿಡವು ಅವುಗಳಿಗೆ ಸಕ್ಕರೆಯನ್ನು ಕೊಡುತ್ತದೆ. ಇಂಥ ಗಂಟಿನ ಜೀವಾಣುವನ್ನು 1888ರಲ್ಲಿ ಹಾಲೆಂಡಿನ ಬೈಜರಿಂಕ್ ಎಂಬ ವಿಜ್ಞಾನಿ ಬೇರ್ಪಡಿಸಿ ಬೆಳೆಸಿದನು. ಎರೆಭೂಮಿಯಲ್ಲಿ ಸುಣ್ಣದ ಅಂಶದೊಡನೆ ಬಿಗಿದುಕೊಂಡ ರಂಜಕವನ್ನು ಕರಗಿಸುವ ಜೀವಾಣುಗಳೂ ಇವೆ. ತೊಗರಿಯ ನೆಟೆ ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವೂ ಇದೆ.

ಮುಖ್ಯವಾದ ಮಾತೆಂದರೆ, ಇವು ಯೂರಿಯಾದಂತೆ ಜಡವಸ್ತುಗಳಲ್ಲ, ಹಾಲಿಗೆ ಹಾಕುವ ಹೆಪ್ಪಿನಂತೆ ಜೀವವುಳ್ಳವು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು. ಹಾಗೆಯೇ ಬಿಸಿಲಿನಲ್ಲಿ ಬೆಂದ, ಅವಧಿ ಮೀರಿದ ಪೊಟ್ಟಣದಿಂದ ಫಲವಿಲ್ಲ. ಕಡಲೆಗೆ ಬೇಕಾದ ಜೀವಾಣು ಬೇರೆ, ತೊಗರಿಗೆ ಬೇಕಾದುದು ಬೇರೆ. ಪೊಟ್ಟಣದ ಮೇಲೆ ಬೆಳೆಯ ಹೆಸರನ್ನು ನೋಡಿಯೇ ಕೊಳ್ಳಬೇಕು. ಯೂರಿಯಾ ಹೆಚ್ಚಾದ ಹೊಲದಲ್ಲಿ ಗಂಟುಗಳು ಕಡಿಮೆಯಾಗುತ್ತವೆ. ತಕ್ಕ ಜೀವಾಣುಗಳು ಮೊದಲೇ ಹೇರಳವಾಗಿರುವ ಹೊಲದಲ್ಲಿ ಹೊಸದಾಗಿ ಹಾಕಿದುದರ ಲಾಭ ಕಾಣದೆಯೂ ಹೋಗಬಹುದು.

ಬಳಸುವ ಕ್ರಮ ಸುಲಭ. ಅರ್ಧ ಲೀಟರು ನೀರಿನಲ್ಲಿ ಸುಮಾರು 50 ಗ್ರಾಂ ಬೆಲ್ಲವನ್ನು ಕಾಯಿಸಿ, ಪೂರ್ತಿ ಆರಿಸಬೇಕು. 10 ಕಿಲೋ ತೊಗರಿ ಬೀಜಕ್ಕೆ ಹಿಡಿಸುವಷ್ಟು ಬೆಲ್ಲದ ನೀರನ್ನು ಚಿಮುಕಿಸಿ, 200ರಿಂದ 250 ಗ್ರಾಂ ರೈಜೋಬಿಯಂ ಪುಡಿಯನ್ನು ಸಿಪ್ಪೆ ಸುಲಿಯದಂತೆ ಹಗುರವಾಗಿ ಲೇಪಿಸಬೇಕು. ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತಬೇಕು. ರಾಸಾಯನಿಕ ಔಷಧ ಹಚ್ಚಲೇಬೇಕಾದರೆ ಅದನ್ನು ಮೊದಲು ಹಚ್ಚಿ, ಜೀವಾಣುವನ್ನು ಕಡೆಗೆ ಲೇಪಿಸುವುದು ಯೋಗ್ಯ.

ಇನ್ನು ಪರೀಕ್ಷೆ. ಹೊಲದ ಒಂದು ಪಟ್ಟಿಯಲ್ಲಿ ಲೇಪನವಿಲ್ಲದ ಬೀಜವನ್ನು ಬಿತ್ತಿರಿ. ಕೂರಿಗೆಗೆ ಜೀವಾಣು ಅಂಟುವುದರಿಂದ ಆ ಪಟ್ಟಿಯನ್ನು ಮೊದಲು ಬಿತ್ತುವುದು ಒಳ್ಳೆಯದು. ಸುಮಾರು 40 ದಿನಗಳ ತರುವಾಯ ಎರಡೂ ಕಡೆಯಿಂದ ಐದೈದು ಗಿಡಗಳನ್ನು ಕೀಳದೆ, ಸಲಿಕೆಯಿಂದ ಮಣ್ಣುಸಮೇತ ಎತ್ತಿ, ನೀರಿನಲ್ಲಿ ತೊಳೆಯಿರಿ. ಗಂಟುಗಳನ್ನು ಎಣಿಸಿ, ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಇದ್ದರೆ ಅವು ಸಾರಜನಕವನ್ನು ಹಿಡಿಯುತ್ತಿವೆ. ಬಿಳುಪಾಗಿದ್ದರೆ ಅಥವಾ ಹಸಿರಾಗಿದ್ದರೆ ಇಲ್ಲ. ಸುಗ್ಗಿಯಲ್ಲಿ ಎರಡೂ ಪಟ್ಟಿಗಳ ರಾಶಿಯನ್ನು ಬೇರೆಬೇರೆ ತೂಗಿರಿ. ಅಂಗಡಿಯವನ ಮಾತಿಗಿಂತ ತಕ್ಕಡಿಯ ಮಾತು ಹೆಚ್ಚು ನಂಬಿಕೆಗೆ ಅರ್ಹ.

ಹೆಪ್ಪು ಎಷ್ಟೇ ಒಳ್ಳೆಯದಿದ್ದರೂ ಹಾಲಿಲ್ಲದೆ ಮೊಸರಾದೀತೇ? ಮಣ್ಣಿನ ಜೀವಾಣುಗಳಿಗೆ ತಿಪ್ಪೆಗೊಬ್ಬರ, ಕೊಳೆತ ಸೊಪ್ಪುಸದೆಗಳೇ ಆಹಾರ. ಕಬ್ಬಿನ ರವದಿಯನ್ನು ಸುಟ್ಟು, ಆಮೇಲೆ ಬಾಟಲಿಯನ್ನು ಕೊಂಡು ತರುವುದು ಜಾಣತನವಲ್ಲ.

2021ರಲ್ಲಿ ಭಾರತ ಸರಕಾರವು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗೆ ತಿದ್ದುಪಡಿ ತಂದು ಜೈವಿಕ ಉತ್ತೇಜಕಗಳನ್ನೂ ಅದರ ಕಟ್ಟಳೆಗೆ ಒಳಪಡಿಸಿತು. ಆದರೆ ಕಾಯಿದೆ ಕಾಯುವುದು ಚೀಟಿಯನ್ನು ಓದಬಲ್ಲವರನ್ನು ಮಾತ್ರ. ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವ ಬರಹವನ್ನು ಕನ್ನಡವೊಂದನ್ನೇ ಬಲ್ಲ ಹಿರಿಯರು ಹೇಗೆ ಓದಿಯಾರು? ಜೀವಾಣುವಿನ ಹೆಸರು, ಬೆಳೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಈ ನಾಲ್ಕನ್ನು ಓದಿ ಕನ್ನಡದಲ್ಲಿ ತಿಳಿಸುವುದು ಮೂರು ಭಾಷೆ ಕಲಿತ ನಮ್ಮ ಮಕ್ಕಳ ಕರ್ತವ್ಯ. ಬರುವ ಮುಂಗಾರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಕೈಕೊಂಡು, ಎರಡೂ ಪಟ್ಟಿಗಳ ತೂಕವನ್ನು ಶಾಲೆಗೆ ಬರೆದು ಕಳುಹಿಸಲಿ. ಲಾಭವಾಗದಿದ್ದರೂ ಬರೆಯಲಿ, ಅದೂ ನೆರೆಹೊರೆಯವರಿಗೆ ಉಪಯುಕ್ತ ಪಾಠವೇ.