ಟ್ಯಾಕ್ಸ್ ಇಲ್ಲ ಖರೆ, ಲೆಕ್ಕದಾಗ ಐತಿ

ಫೆಬ್ರುವರಿ ಬಂತೆಂದರೆ ಕೊಕಟನೂರಿನಲ್ಲಿ ಎರಡು ಲೆಕ್ಕ ಒಟ್ಟಿಗೇ ಶುರುವಾಗುತ್ತವೆ. ಕಬ್ಬಿನವರದು ಟನ್ನಿನ ಲೆಕ್ಕ, ಪಗಾರದವರದು ಇನ್‌ಕಮ್ ಟ್ಯಾಕ್ಸಿನ ಲೆಕ್ಕ. ನಾನು ಅಥಣಿಯಲ್ಲಿ ಪಾಠ ಹೇಳುವವನು, ಇಷ್ಟು ವರ್ಷ ಎರಡನೆಯ ಗುಂಪಿನಲ್ಲಷ್ಟೇ ಇದ್ದೆ. ಹೋದ ವರ್ಷ ಮನೆಯಲ್ಲಿ ವಾಟಣಿಯಾಗಿ ಐದು ಎಕರೆಯ ಉತಾರಕ್ಕೆ ನನ್ನ ಹೆಸರು ಏರಿತು. ಈ ಹಂಗಾಮಿನಲ್ಲಿ ಮೊದಲ ಸಲ ಕಬ್ಬಿನ ದುಡ್ಡು ನನ್ನ ಖಾತೆಗೇ ಬಂತು.

ಟ್ಯಾಕ್ಸಿಗೆ ನನ್ನದೊಂದು ಎಕ್ಸೆಲ್ ಹಾಳೆ ಇದೆ. ವರ್ಷದ ಪಗಾರ 11,75,000, ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11 ಲಕ್ಷ. 2025ರ ಬಜೆಟ್ಟಿನ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ಏನೂ ಇಲ್ಲ, 8ರವರೆಗೆ ಶೇ 5, 12ರವರೆಗೆ ಶೇ 10, 16ರವರೆಗೆ ಶೇ 15. ನನ್ನ ಲೆಕ್ಕಕ್ಕೆ 50,000 ಬಂತು. ಆದಾಯ 12 ಲಕ್ಷ ದಾಟದವರಿಗೆ ರಿಬೇಟ್ ಇದೆಯಲ್ಲ, ಹಾಗಾಗಿ ಕೊನೆಯ ಖಾನೆಯಲ್ಲಿ ಸೊನ್ನೆ. ಹಾಳೆಯನ್ನು ಸ್ಟಾಫ್ ರೂಮಿನಲ್ಲಿ ತೋರಿಸಿ ಮೆರೆದದ್ದೂ ಆಯಿತು.

ಅಲ್ಲಿ ನಿವೃತ್ತಿಗೆ ಬಂದ ಗುಮಾಸ್ತರೊಬ್ಬರಿದ್ದಾರೆ. ಕನ್ನಡಕ ಏರಿಸಿ ಹಾಳೆ ನೋಡಿದರು.

‘ಸರ್, ಕಬ್ಬಿನ ಬಿಲ್ ಎಲ್ಲಿ ಬರದೀರಿ?’

‘ಅದಕ್ಕ ಟ್ಯಾಕ್ಸ್ ಇಲ್ಲಲ್ಲರೀ ಕಾಕಾ.’

‘ಟ್ಯಾಕ್ಸ್ ಇಲ್ಲ ಖರೆ, ಲೆಕ್ಕದಾಗ ಐತಿ.’

ಅವತ್ತು ರಾತ್ರಿ ಕೂತು ನೋಡಿದೆ. ಕಾಕಾ ಹೇಳಿದ್ದು ಅಕ್ಷರಶಃ ನಿಜ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳದ್ದು, ಕೇಂದ್ರ ಅದನ್ನು ಮುಟ್ಟುವ ಹಾಗಿಲ್ಲ. 1972ರಲ್ಲಿ ಕೆ.ಎನ್. ರಾಜ್ ಸಮಿತಿ ಒಂದು ಬಳಸುದಾರಿ ತೋರಿಸಿತು: ಹೊಲದ ದುಡ್ಡಿಗೆ ತೆರಿಗೆ ಬೇಡ, ಆದರೆ ಪಗಾರಕ್ಕೆ ಎಷ್ಟು ದರ ಎಂದು ಗೊತ್ತುಮಾಡುವಾಗ ಅದನ್ನೂ ಕೂಡಿಸಿಕೊಳ್ಳಿ. ಮರುವರ್ಷವೇ ಅದು ಕಾನೂನಾಯಿತು. ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿ, ಉಳಿದ ಆದಾಯವೂ 4 ಲಕ್ಷದ ವಿನಾಯಿತಿ ಮಿತಿ ದಾಟಿದರೆ ಈ ಕೂಡಿಸಾಟ ಶುರು.

ಹಾಳೆಗೆ ಹೊಸ ಸಾಲು ಸೇರಿಸಿದೆ. 200 ಟನ್ ಕಬ್ಬು, ಟನ್ನಿಗೆ 3,300ರಂತೆ 6,60,000. ಎಂಟರ್ ಒತ್ತಿದೆ, ಕೆಳಗಿನ ಮೊತ್ತ ಅಲುಗಾಡಲಿಲ್ಲ. ಮತ್ತೆ ಒತ್ತಿದೆ, ಊಹೂಂ. ಹತ್ತು ನಿಮಿಷ ತಡಕಾಡಿದ ಮೇಲೆ ಕಣ್ಣಿಗೆ ಬಿತ್ತು: ಉಳಿದ ಅಂಕಿಗಳೆಲ್ಲ ಖಾನೆಯ ಬಲಕ್ಕೆ ಒತ್ತಿಕೊಂಡಿವೆ, ಇದೊಂದೇ ಎಡಗೋಡೆಗೆ ಆತುಕೊಂಡಿದೆ. ನಾನು ‘ರೂ.’ ಅಂತ ಬರೆದು ಅಂಕಿ ಹೊಡೆದಿದ್ದೆ. ಎಕ್ಸೆಲ್ ಅದನ್ನು ದುಡ್ಡು ಅಂದುಕೊಳ್ಳದೆ ಅಕ್ಷರ ಅಂದುಕೊಂಡು ಬಿಟ್ಟುಬಿಟ್ಟಿತ್ತು. ‘ರೂ.’ ಅಳಿಸಿದೆ. ಕೊನೆಯ ಖಾನೆಯ ಸೊನ್ನೆ ಹೋಗಿ 47,840 ಎದ್ದು ನಿಂತಿತು.

ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ನಾನು ಹಾಕಿದ್ದು ಪೂರಾ ಬಿಲ್ಲು, ಖರ್ಚು ಕಳೆದೇ ಇಲ್ಲ. ಬೀಜ, ಗೊಬ್ಬರ, ಕೂಲಿ, ಟ್ರ್ಯಾಕ್ಟರ್ ಬಾಡಿಗೆಯ ಚೀಟಿಗಳನ್ನೆಲ್ಲ ಅವ್ವ ಗೊಬ್ಬರದಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಗೂಟಕ್ಕೆ ನೇತುಹಾಕಿದ್ದಳು. ಒಂದೊಂದಾಗಿ ಕೂಡಿಸಿದರೆ 2,60,000. ನಿವ್ವಳ 4 ಲಕ್ಷ ಉಳಿಯಿತು.

ಈಗ ಲೆಕ್ಕ ಹೀಗೆ. ಪಗಾರ ಮತ್ತು ಕಬ್ಬು ಸೇರಿ 15 ಲಕ್ಷ, ಅದಕ್ಕೆ ತೆರಿಗೆ 1,05,000. ಕಬ್ಬಿನ 4 ಲಕ್ಷಕ್ಕೆ ವಿನಾಯಿತಿಯ 4 ಲಕ್ಷ ಕೂಡಿಸಿದರೆ 8 ಲಕ್ಷ, ಅದಕ್ಕೆ 20,000. ಮೊದಲನೆಯದರಲ್ಲಿ ಎರಡನೆಯದು ಕಳೆದರೆ 85,000. ರಿಬೇಟ್ ನನಗೂ ಸಿಗುತ್ತದೆ, ಯಾಕೆಂದರೆ 12 ಲಕ್ಷದ ಮಿತಿ ನೋಡುವಾಗ ಕಬ್ಬನ್ನು ಹಿಡಿಯುವುದಿಲ್ಲ. ಆದರೆ ರಿಬೇಟಿನ ಗರಿಷ್ಠ ಮೊತ್ತ 60,000. ಉಳಿದ 25,000ಕ್ಕೆ ಶೇ 4 ಸೆಸ್ ಸೇರಿ 26,000. ಅವ್ವನ ಚೀಲ ಒಂದು ರಾತ್ರಿಯಲ್ಲಿ 21,840 ರೂಪಾಯಿ ಉಳಿಸಿತು. ಆ ಗೂಟಕ್ಕೆ ಈಗ ಮನೆಯಲ್ಲಿ ಮರ್ಯಾದೆ ಹೆಚ್ಚು.

‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ಮಾತು ಕಬ್ಬು ಬೆಳೆಯುವ ಪಗಾರದಾರನಿಗೆ ಅರ್ಧ ಸತ್ಯ. ಹಾಳೆ ಇದ್ದರೆ ಅಂಕಿ ಬದಲಿಸಿ ನೋಡಬಹುದು: ನನ್ನ ಪಗಾರಕ್ಕೆ ಕಬ್ಬಿನ ನಿವ್ವಳ ಒಂದೂವರೆ ಲಕ್ಷದವರೆಗೂ ಸೊನ್ನೆ, ಎರಡು ಲಕ್ಷವಾದರೆ 5,200. ಪಗಾರ 7 ಲಕ್ಷ, ಕಬ್ಬು 4 ಲಕ್ಷ ಇದ್ದವರಿಗೆ ಏನೂ ಇಲ್ಲ. ಅಪ್ಪನ ಉತಾರದಲ್ಲಿ ಅಪ್ಪನೇ ಬೆಳೆದ ಕಬ್ಬು ನಿಮ್ಮ ಹಾಳೆಗೆ ಬರುವುದಿಲ್ಲ, ನಿಮ್ಮ ಉತಾರದ್ದನ್ನು ಅಪ್ಪನ ಹೆಸರಿಗೆ ದಾಟಿಸುವ ಜಾಣತನವೂ ಬೇಡ.

ಪಗಾರ ಕೊಡುವವರಿಗೆ ನಿಮ್ಮ ಹೊಲ ಗೊತ್ತಿರುವುದಿಲ್ಲ, ಹಾಗಾಗಿ ಫಾರ್ಮ್ 16ರಲ್ಲಿ ಸೊನ್ನೆಯೇ ಇರುತ್ತದೆ. ಆದರೆ ಬಾಕಿ ತೆರಿಗೆ 10,000 ಮುಟ್ಟಿದರೆ ಮುಂಗಡವಾಗಿ ತುಂಬಬೇಕು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಕಂತುಗಳು ನನಗೆ ತಪ್ಪಿಹೋಗಿದ್ದವು, ಅದರ ಬಡ್ಡಿ 1,053. ಕೊನೆಯ ಗಡುವು ಮಾರ್ಚ್ 15. ರಿಟರ್ನ್ ಸಲ್ಲಿಸುವಾಗ ಪಗಾರದವರ ‘ಸಹಜ್’ ನಮೂನೆ ಇಂಥವರಿಗೆ ನಡೆಯುವುದಿಲ್ಲ. ಕೃಷಿ ಆದಾಯ 5,000 ದಾಟಿದ ಪಗಾರದಾರರು ತುಂಬಬೇಕಾದದ್ದು ಐಟಿಆರ್-2.