ಪ್ಯಾಕರ್ಸ್ ಸೋಲಲಿ, ಆದರೆ ಕಣ್ಣು ಬಿಟ್ಟು ನೋಡು

ಅಳಿಯಾ, ಡಿಸೆಂಬರ್ ಬಂತೆಂದರೆ ನಿನ್ನ ತಲೆಯಲ್ಲಿ ಎರಡು ಲೆಕ್ಕ ಓಡುತ್ತಿರುತ್ತವೆ. ಒಂದು, ನಮ್ಮ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಬೇರ್ಸ್ ಪ್ಲೇಆಫ್ ಸೇರಲು ಇನ್ನೆಷ್ಟು ಪಂದ್ಯ ಗೆಲ್ಲಬೇಕು. ಇನ್ನೊಂದು, ಯಾರ್ಯಾರು ಎಲ್ಲೆಲ್ಲಿ ಸೋಲಬೇಕು. ಮೊದಲನೆಯದು ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೇ ಮುಗಿದಿರುತ್ತದೆ, ಆದ್ದರಿಂದ ನಿನ್ನ ಹುರುಪೆಲ್ಲ ಎರಡನೆಯದರ ಮೇಲೆ. ಅದನ್ನು ತಪ್ಪು ಅನ್ನಲಾರೆ. ಶಿಕಾಗೋದಲ್ಲಿ ಮನೆ ಮಾಡಿದ ಮೇಲೆ ಗ್ರೀನ್ ಬೇ ಪ್ಯಾಕರ್ಸ್ ಸೋಲಲಿ ಅಂತ ಬಯಸದವನನ್ನು ಈ ಊರು ತನ್ನವನು ಅಂತ ಒಪ್ಪುವುದೇ ಇಲ್ಲ. 1921ರಲ್ಲಿ ಶುರುವಾದ ಜಗಳ ಅದು. ಗಡಿ ದಾಟಿದರೆ ವಿಸ್ಕಾನ್ಸಿನ್. ನಮ್ಮ ಬಡಾವಣೆಯಲ್ಲೇ ಚೀಸ್ ತುಂಡಿನ ಹಾಗಿರುವ ಹಳದಿ ಟೋಪಿ ಹಾಕಿಕೊಂಡು ಓಡಾಡುವವರು ಬೇಕಾದಷ್ಟು ಜನ ಇದ್ದಾರೆ.

ನಾನು ಹೇಳಬೇಕೆಂದಿರುವುದು ಬೇರೆ. 2025ರ ಜನವರಿ 5ರಂದು ನಮ್ಮ ಬೇಸ್‌ಮೆಂಟಿನಲ್ಲಿ ಕೂತು ಸೀಸನ್ನಿನ ಕೊನೆಯ ಪಂದ್ಯ ನೋಡುತ್ತಿದ್ದೆವಲ್ಲ, ಚೆಂಡು ಎಸೆದು ಆಟ ನಡೆಸುವ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಬಲ ಮೊಣಕೈ ನೆಲಕ್ಕೆ ಬಡಿದು, ಚೆಂಡು ಹಿಡಿಯಲಾಗದೆ ಹೊರಗೆ ನಡೆದಾಗ ನೀನು ಚಪ್ಪಾಳೆ ತಟ್ಟಿದೆ. ನಾಲ್ಕು ಜನರ ಎದುರು ಏನೂ ಅನ್ನಬಾರದು ಅಂತ ಸುಮ್ಮನಿದ್ದೆ. ಈಗ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಎದುರಾಳಿ ತಂಡ ಸೋಲಲಿ ಅಂತ ಎಷ್ಟು ಬೇಕಾದರೂ ಹರಕೆ ಹೊತ್ತುಕೋ. ಆದರೆ ಅವರ ಕ್ವಾರ್ಟರ್‌ಬ್ಯಾಕ್ ಹೇಗೆ ಆಡುತ್ತಾನೆ ಅನ್ನುವುದನ್ನು ನೆಟ್ಟಗೆ ನೋಡು, ಅವನ ಮೈಗೆ ಕೇಡು ಬಯಸಬೇಡ. ಇವೆರಡೂ ಒಂದೇ ಮಾತು. ಮೈಗೆ ಕೇಡು ಬಯಸುವವನಿಗೆ ಆಟ ಕಾಣಿಸುವುದಿಲ್ಲ.

ಆ ದಿನವೇ ನೋಡು, ಲವ್ ಹೋದದ್ದರಿಂದ ನಮಗೆ ಲಾಭವೇನೂ ಆಗಲಿಲ್ಲ. ಬದಲಿಗೆ ಬಂದ ಮಲಿಕ್ ವಿಲ್ಲಿಸ್ ತಂಡವನ್ನು ಮುಂದಕ್ಕೊಯ್ದ, ಕೊನೆಯ ನಿಮಿಷದಲ್ಲಿ 55 ಗಜದ ಫೀಲ್ಡ್ ಗೋಲ್ ಹೊಡೆದು 22–21 ಮಾಡಿಕೊಂಡರು. ಆಮೇಲೆ ನಮ್ಮ ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಉಳಿದ ಸೆಕೆಂಡುಗಳಲ್ಲಿ ಚೆಂಡನ್ನು ಒದೆಯುವಷ್ಟು ಹತ್ತಿರಕ್ಕೆ ತಂದು ಕೊಟ್ಟ, ಕೈರೋ ಸಾಂಟೋಸ್ 51 ಗಜದಿಂದ ಒದ್ದ, ಗೆದ್ದೆವು. ಅದಕ್ಕೆ ಮುಂಚೆ ಸತತ ಹತ್ತು ಪಂದ್ಯ ಸೋತಿದ್ದೆವು. ಪ್ಯಾಕರ್ಸ್ ಎದುರಂತೂ ಸತತ ಹನ್ನೊಂದು. ಅಂಥ ದಿನದಲ್ಲೂ ನಿನಗೆ ಹೆಚ್ಚು ನೆನಪಿರುವುದು ಲವ್‌ನ ಮೊಣಕೈಯೇ ಆದರೆ, ಕೇಲಬ್ ಆಡಿದ್ದನ್ನು ಯಾವಾಗ ನೋಡಿದೆ?

ನಿನ್ನ ಈ ಚಾಳಿ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಬೆಂಗಳೂರಿನ ಹುಡುಗ, ಆರ್‌ಸಿಬಿ ನೋಡಿ ಬೆಳೆದವನು. ಮೇ ತಿಂಗಳಲ್ಲಿ ಪಾಯಿಂಟ್ಸ್ ಟೇಬಲ್ ಹಿಡಿದು ಕೂತವನಿಗೆ ಇಲ್ಲಿಯ ವೈಲ್ಡ್‌ಕಾರ್ಡ್, ಅಂದರೆ ಡಿವಿಷನ್ ಗೆಲ್ಲದೆಯೂ ಪ್ಲೇಆಫ್ ಸೇರುವ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2022ರ ಮೇ 21ರಂದು ಮುಂಬೈ ಡೆಲ್ಲಿಯನ್ನು ಸೋಲಿಸಿದರೆ ಮಾತ್ರ ನಾವು ಒಳಗೆ ಅಂದಾಗ, ಜನ್ಮದಲ್ಲಿ ಮುಂಬೈಗೆ ಜೈ ಅನ್ನದವರೂ ಅಂದರು. ಅದು ಚೆಂದದ ತಮಾಷೆ. ಆದರೆ ಮರುವರ್ಷ ಅದೇ ಮೇ 21ಕ್ಕೆ ಶುಭಮನ್ ಗಿಲ್ ಶತಕ ಹೊಡೆದು ಆರ್‌ಸಿಬಿಯನ್ನು ಹೊರಗಟ್ಟಿದಾಗ, ಅವನ ಒಡಹುಟ್ಟಿದವಳ ಪುಟಕ್ಕೆ ಹೋಗಿ ಬಾಯಿಗೆ ಬಂದಂತೆ ಬರೆದವರೂ ನಮ್ಮವರೇ. ಅಂದು ಆ ಹುಡುಗ ಆಡಿದ ಹೊಡೆತಗಳಲ್ಲಿ ಒಂದನ್ನಾದರೂ ನೆನಪಿಸಿಕೊಂಡು ಹೇಳು ಅಂದರೆ ಅವರಲ್ಲಿ ಎಷ್ಟು ಜನ ಹೇಳಿಯಾರು?

ಇಲ್ಲಿಯ ಲೆಕ್ಕ ಇನ್ನೂ ಜಟಿಲ. 32 ತಂಡ, ತಂಡಕ್ಕೆ 17 ಪಂದ್ಯ, ಪ್ಲೇಆಫ್‌ಗೆ ಹೋಗುವವರು 14. ಒಂದೇ ಡಿವಿಷನ್ನಿನ ತಂಡಗಳು ಸಮಸಮ ಬಂದರೆ ಮೊದಲು ಪರಸ್ಪರ ಆಡಿದ್ದು ನೋಡುತ್ತಾರೆ, ಆಮೇಲೆ ಡಿವಿಷನ್ನಿನೊಳಗಿನದು, ಆಮೇಲೆ ಇಬ್ಬರೂ ಎದುರಿಸಿದ ತಂಡಗಳ ವಿರುದ್ಧದ್ದು, ಹೀಗೆ ಇಳಿಯುತ್ತಾ ಹೋಗುತ್ತದೆ. ಪಂದ್ಯಗಳು ಕಡಿಮೆ ಇರುವುದರಿಂದ ಒಂದೊಂದರ ಬೆಲೆ ಜಾಸ್ತಿ, ಬೇರೆ ಊರಿನ ಪಂದ್ಯದ ಮೇಲೆ ಆಸೆ ಕಟ್ಟಿಕೊಳ್ಳುವುದೂ ಜಾಸ್ತಿ. ಆ ಆಸೆ ಕೆಲವೊಮ್ಮೆ ಹಕ್ಕಿನ ಹಾಗೆ ಮಾತಾಡತೊಡಗುತ್ತದೆ. 2021ರ ಜನವರಿ 3ರಂದು ನ್ಯೂಯಾರ್ಕ್ ಜಯಂಟ್ಸ್ ತಮ್ಮ ಪಂದ್ಯ ಗೆದ್ದು, ರಾತ್ರಿ ಫಿಲಡೆಲ್ಫಿಯಾ ಈಗಲ್ಸ್ ವಾಷಿಂಗ್ಟನ್‌ನವರನ್ನು ಸೋಲಿಸಲಿ ಅಂತ ಕಾದು ಕೂತಿದ್ದರು. ಬರೀ ಮೂರು ಅಂಕ ಹಿಂದಿದ್ದಾಗ ಈಗಲ್ಸ್ ಕೋಚ್ ಡಗ್ ಪೀಡರ್ಸನ್, ಜೇಲನ್ ಹರ್ಟ್ಸ್‌ನನ್ನು ಕೂರಿಸಿ ನೇಟ್ ಸಡ್‌ಫೆಲ್ಡ್‌ನನ್ನು ಇಳಿಸಿದರು. ಇಳಿದವನು ಚೆಂಡು ಕಳೆದುಕೊಂಡ. ಈಗಲ್ಸ್ ಸೋತು, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೇಲಿನ ಜಾಗ ಗಿಟ್ಟಿಸಿಕೊಂಡರು. ನ್ಯೂಯಾರ್ಕ್ ಹತ್ತಿ ಉರಿಯಿತು. ಕೋಚ್ ಮಾಡಿದ್ದು ನನಗೂ ಸರಿ ಕಾಣಲಿಲ್ಲ, ನಿಜ. ಆದರೆ ಜಯಂಟ್ಸ್ ಆ ವರ್ಷ ಗೆದ್ದದ್ದು 6, ಸೋತದ್ದು 10. ಹತ್ತು ಸಲ ತಮ್ಮ ಮನೆಯ ಬಾಗಿಲನ್ನು ತಾವೇ ಹಾಕಿಕೊಂಡು, ಹನ್ನೊಂದನೆಯ ಬಾಗಿಲನ್ನು ಪಕ್ಕದವನು ತೆರೆದಿಡಲಿಲ್ಲ ಅಂತ ಜಗಳಕ್ಕೆ ಹೋದರೆ ಹೇಗೆ?

ಇನ್ನು ನೋಡುವ ವಿಷಯ. ನನಗೆ ಬೇರ್ಸ್‌ನ ಸೋಲುಗಳಲ್ಲಿ ಅತಿ ಹೆಚ್ಚು ನೋವಾದದ್ದು 2013ರ ಡಿಸೆಂಬರ್ 29ರದ್ದು. ಶಿಕಾಗೋದಲ್ಲೇ ಪಂದ್ಯ, ಗೆದ್ದವರಿಗೆ ಡಿವಿಷನ್. ನವೆಂಬರ್‌ನಲ್ಲಿ ನಮ್ಮವರೇ ಕೆಡವಿ ಕೊರಳೆಲುಬು ಮುರಿದಿದ್ದ ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ ಅಂದೇ ಮೈದಾನಕ್ಕೆ ಮರಳಿದ್ದ. ಕಾಲು ಮುರಿದುಕೊಂಡು ಕೂತಿದ್ದ ರ‍್ಯಾಂಡಲ್ ಕಾಬ್ ಕೂಡ ಅಂದೇ ಬಂದಿದ್ದ. ಬೇರ್ಸ್ 28, ಪ್ಯಾಕರ್ಸ್ 27. ಒಂದು ನಿಮಿಷವೂ ಉಳಿದಿಲ್ಲ, ನಾಲ್ಕನೇ ಡೌನ್, ಅಂದರೆ ಕೊನೆಯ ಅವಕಾಶ, ಎಂಟು ಗಜ ಬೇಕು. ನಮ್ಮವರು ಗುಂಪಾಗಿ ನುಗ್ಗಿದರು. ಎಡಗಡೆಯಿಂದ ಜೂಲಿಯಸ್ ಪೆಪ್ಪರ್ಸ್, ಅಡ್ಡ ಬರುವವರೇ ಇಲ್ಲದೆ, ನೇರವಾಗಿ ರಾಜರ್ಸ್ ಮೇಲೆ. ಮರುಗಳಿಗೆ ರಾಜರ್ಸ್ ತಪ್ಪಿಸಿಕೊಂಡು ಎಡಕ್ಕೆ ಜಾರಿ, ಓಡುತ್ತಲೇ ಎಸೆದ. ಕಾಬ್ ಒಬ್ಬನೇ ನಿಂತಿದ್ದವನಂತೆ ಹಿಡಿದ. 48 ಗಜದ ಟಚ್‌ಡೌನ್, ಉಳಿದದ್ದು 38 ಸೆಕೆಂಡು. 33–28.

ಆ ರಾತ್ರಿ ಶಿಕಾಗೋದವರೆಲ್ಲ ರಾಜರ್ಸ್‌ನ ಅದೃಷ್ಟವನ್ನೂ, ಕಾಬ್‌ನನ್ನು ಬಿಟ್ಟ ನಮ್ಮ ಕ್ರಿಸ್ ಕಾಂಟಿಯನ್ನೂ ಬೈದರು. ನೀನು ಒಮ್ಮೆ ಅದನ್ನು ನಿಧಾನವಾಗಿ ಓಡಿಸಿ ನೋಡು. ಚೆಂಡನ್ನು ನೋಡಬೇಡ, 30ನೇ ನಂಬರಿನ ದಪ್ಪನೆಯ ಆಳನ್ನು ನೋಡು. ಜಾನ್ ಕೂನ್ ಅಂತ, ಪ್ಯಾಕರ್ಸ್‌ನ ಫುಲ್‌ಬ್ಯಾಕ್. ಕೊನೇ ಗಳಿಗೆಯಲ್ಲಿ ಅಡ್ಡಲಾಗಿ ಹಾರಿ ಪೆಪ್ಪರ್ಸ್‌ನ ಕಾಲಿಗೆ ಬಿದ್ದ. ಪೂರ್ತಿ ತಡೆಯಲೂ ಇಲ್ಲ, ಅರ್ಧ ಕ್ಷಣ ಎಡವಿಸಿದ, ಅಷ್ಟೆ. ಆ ಅರ್ಧ ಕ್ಷಣದಲ್ಲಿ ರಾಜರ್ಸ್ ಯಾವ ಕಡೆ ಸರಿದ, ಸರಿಯುವಾಗಲೂ ಕಣ್ಣು ಎಲ್ಲಿತ್ತು ಅನ್ನುವುದನ್ನು ನೋಡು. ತುಳಿಯಲು ಬರುತ್ತಿದ್ದವನ ಕಡೆಗೆ ಅಲ್ಲ, ಕಾಬ್ ಕಡೆಗೆ. ಇದನ್ನು ನೋಡಿದ ಮೇಲೂ ಅವನ ಮೇಲಿನ ಸಿಟ್ಟು ಕಡಿಮೆಯಾಗುವುದಿಲ್ಲ, ನನಗಂತೂ ಆಗಿಲ್ಲ. ಬೇರ್ಸ್ ವಿರುದ್ಧ ಅವನು ಶುರುವಿನಿಂದ ಆಡಿದ ಪಂದ್ಯಗಳಲ್ಲಿ ಸೋತದ್ದು ಬರೀ ಐದು. 2021ರಲ್ಲಿ ನಮ್ಮ ಸೋಲ್ಜರ್ ಫೀಲ್ಡ್‌ನಲ್ಲೇ ನಿಂತು, ನೀವೆಲ್ಲ ನನ್ನ ಸ್ವತ್ತು ಅನ್ನುವಂತೆ ಕೂಗಿದ ಮನುಷ್ಯ ಅವನು. ಆದರೆ ಆ ಒಂದು ಆಟ ನೋಡಿದವನು, ನಮಗೆ ಯಾಕೆ ವರ್ಷಾನುಗಟ್ಟಲೆ ಕ್ವಾರ್ಟರ್‌ಬ್ಯಾಕ್ ಸಿಗಲಿಲ್ಲ ಅಂತ ಕೇಳುವುದಿಲ್ಲ. ಸಿಕ್ಕವರ ಮುಂದೆ ಒಬ್ಬ ಕೂನ್ ಯಾಕಿರಲಿಲ್ಲ ಅಂತ ಕೇಳುತ್ತಾನೆ.

ಅಂಕಿಗಳನ್ನು ನೆಚ್ಚಿ ಕೂರಬೇಡ. ನೀನು ಸೋಮವಾರ ಬೆಳಗ್ಗೆ ಎಲ್ಲರಿಗೂ ಕಳಿಸುತ್ತೀಯಲ್ಲ, ಪಾಸರ್ ರೇಟಿಂಗ್ ಅಂತ, 158.3ಕ್ಕೆ ನಿಲ್ಲುವ ಆ ವಿಚಿತ್ರ ಅಂಕ, ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಷ್ಟು ಸಲ ಚೆಂಡು ಕೈಯಲ್ಲಿರುವಾಗಲೇ ಕೆಳಗೆ ಬಿದ್ದ ಅನ್ನುವುದು ಸೇರುವುದೇ ಇಲ್ಲ. ಹಿಡಿಯುವವನ ಕೈಗೆ ಸರಿಯಾಗಿ ಬಿದ್ದು ಪುಟಿದ ಚೆಂಡನ್ನು ಎದುರಾಳಿ ಹಿಡಿದರೆ ಅದೂ ಎಸೆದವನ ಖಾತೆಗೇ. ಪ್ಯಾಕರ್ಸ್‌ನವನು ಎರಡು ಇಂಟರ್‌ಸೆಪ್ಷನ್ ಕೊಟ್ಟ ಅಂತ ಕುಣಿಯುವ ಮೊದಲು, ಆ ಎರಡೂ ಹೇಗೆ ಬಿದ್ದವು ಅಂತ ನೋಡಿರಬೇಕು.

ಮೈಗೆ ಕೇಡು ಬಯಸುವ ಮಾತಿಗೆ ಬಂದರೆ, ನಾನು ಈ ಊರಿಗೆ ಬಂದ ಹೊಸತರ ಒಂದು ಪಂದ್ಯ ಇನ್ನೂ ಕಣ್ಣ ಮುಂದಿದೆ. 1986ರ ನವೆಂಬರ್ 23. ಹಿಂದಿನ ಸೀಸನ್ನಿನಲ್ಲಿ ಸೂಪರ್ ಬೌಲ್ ಗೆದ್ದ ಬೇರ್ಸ್, ಕ್ವಾರ್ಟರ್‌ಬ್ಯಾಕ್ ಜಿಮ್ ಮೆಕ್‌ಮಹನ್. ಚೆಂಡು ಎಸೆದಾಗಿದೆ, ಅದು ಪ್ಯಾಕರ್ಸ್ ಕೈಗೂ ಹೋಗಿದೆ, ಆಟ ಬೇರೆಲ್ಲೋ ನಡೆಯುತ್ತಿದೆ. ಪ್ಯಾಕರ್ಸ್‌ನ ಚಾರ್ಲ್ಸ್ ಮಾರ್ಟಿನ್ ಹಿಂದಿನಿಂದ ಬಂದು ಮೆಕ್‌ಮಹನ್‌ನನ್ನು ಎತ್ತಿ ಭುಜದ ಮೇಲೆ ಬೀಳುವ ಹಾಗೆ ಅಪ್ಪಳಿಸಿದ. ಅವನ ಸೊಂಟದ ಟವೆಲ್ಲಿನಲ್ಲಿ, ಗುರಿಯಿಟ್ಟ ಬೇರ್ಸ್ ಆಟಗಾರರ ನಂಬರುಗಳಿದ್ದವು. ಎರಡು ಪಂದ್ಯದ ನಿಷೇಧ ಹಾಕಿದರು. ಮೆಕ್‌ಮಹನ್‌ಗೆ ಆ ಸೀಸನ್ನೇ ಮುಗಿಯಿತು. 14 ಗೆದ್ದು 2 ಮಾತ್ರ ಸೋತಿದ್ದ ತಂಡ ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಮನೆಗೆ ಹೋಯಿತು. ನೀನು ಚಪ್ಪಾಳೆ ತಟ್ಟಿದಾಗ ನನಗೆ ನೆನಪಾದದ್ದು ಆ ಟವೆಲ್ಲು.

ನಮ್ಮವರು ನಮ್ಮವನನ್ನೇ ಬಿಡಲಿಲ್ಲ ಅನ್ನುವುದೂ ಇದೆ. 2011ರ ಜನವರಿ 2ರಂದು ಪ್ಯಾಕರ್ಸ್‌ನ್ನು ಹೊಸ್ತಿಲಲ್ಲೇ ತಡೆಯುವ ಅವಕಾಶ ಬೇರ್ಸ್‌ಗಿತ್ತು, 10–3ರಲ್ಲಿ ಸೋತು ಒಳಗೆ ಬಿಟ್ಟುಕೊಂಡರು. ಮೂರೇ ವಾರಕ್ಕೆ ಅವರೇ ಶಿಕಾಗೋಕ್ಕೆ ಬಂದರು, ಸೂಪರ್ ಬೌಲ್‌ಗೆ ಯಾರು ಅನ್ನುವ ಪಂದ್ಯ. ನಮ್ಮ ಜೇ ಕಟ್ಲರ್ ಮೊಣಕಾಲಿಗೆ ಪೆಟ್ಟಾಗಿ ಬೆಂಚಿನಲ್ಲಿ ಕೂತ. ಮುಖದಲ್ಲಿ ನೋವು ತೋರಿಸುವ ಜಾಯಮಾನ ಅವನದ್ದಲ್ಲ. ಅಷ್ಟಕ್ಕೇ ಹೇಡಿ ಅಂದರು, ಬೇರೆ ತಂಡದ ಆಟಗಾರರು ಟ್ವಿಟರ್‌ನಲ್ಲಿ ಆಡಿಕೊಂಡರು, ಅಭಿಮಾನಿಗಳು ಅವನ ಜರ್ಸಿ ಸುಟ್ಟರು. ಮರುದಿನ ಪರೀಕ್ಷೆಯಲ್ಲಿ ಲಿಗಮೆಂಟ್‌ಗೆ ಪೆಟ್ಟಾಗಿದ್ದು ಗೊತ್ತಾಯಿತು. ಸುಟ್ಟವರು ಯಾರೂ ಹೊಸ ಜರ್ಸಿ ಕೊಂಡ ಹಾಗೆ ಕಾಣೆ.

ಇದಕ್ಕೆ ಎದುರಾಗಿ ಬಫಲೋದವರನ್ನು ನೋಡು. ಟೇಬಲ್ ಮೇಲೆ ಹಾರಿ ಅದನ್ನು ಮುರಿಯುವ ಹುಚ್ಚರು ಅಂತ ನಗಾಡುತ್ತೀಯಲ್ಲ, ಅವರೇ. 2017ರ ಡಿಸೆಂಬರ್ 31. ಅವರ ಬಿಲ್ಸ್ ತಂಡ 1999ರ ಸೀಸನ್ನಿನ ನಂತರ ಪ್ಲೇಆಫ್ ಮುಖ ಕಂಡಿರಲಿಲ್ಲ. ತಮ್ಮ ಪಂದ್ಯ ಗೆದ್ದು ಕಾಯುತ್ತಿದ್ದರು, ಬಾಲ್ಟಿಮೋರ್ ಸೋಲಬೇಕಿತ್ತು. ಎದುರಿಗಿದ್ದದ್ದು ಯಾವ ಆಸೆಯೂ ಉಳಿಯದ ಸಿನ್ಸಿನ್ಯಾಟಿ. ನಾಲ್ಕನೇ ಡೌನ್, 12 ಗಜ ಬೇಕು, ಆಂಡಿ ಡಾಲ್ಟನ್ ಎಸೆದ, ಟೈಲರ್ ಬಾಯ್ಡ್ ಹಿಡಿದು ಓಡಿಯೇಬಿಟ್ಟ, 49 ಗಜದ ಟಚ್‌ಡೌನ್. 44 ಸೆಕೆಂಡು ಉಳಿದಿತ್ತು, 31–27. ಬಫಲೋ ಜನ ಏನು ಮಾಡಿದರು ಗೊತ್ತೇ? ಡಾಲ್ಟನ್ ದಂಪತಿ ಕಾಯಿಲೆಯ ಮಕ್ಕಳಿಗಾಗಿ ನಡೆಸುತ್ತಿದ್ದ ಪ್ರತಿಷ್ಠಾನಕ್ಕೆ ಹದಿನೇಳು ಹದಿನೇಳು ಡಾಲರ್ ಕಳಿಸಿದರು, ಹದಿನೇಳು ವರ್ಷದ ಬರಕ್ಕೆ ಲೆಕ್ಕ ಹಾಕಿ. ಮೂರು ಲಕ್ಷ ಡಾಲರ್ ದಾಟಿತು. 2021ರ ಜನವರಿಯಲ್ಲಿ ಅವರ ಎದುರೇ ಪ್ಲೇಆಫ್ ಆಡುತ್ತಾ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ತಲೆಗೆ ಪೆಟ್ಟಾಗಿ ಹೊರಗೆ ಹೋದಾಗಲೂ ಅಷ್ಟೇ, ಗೆದ್ದ ಖುಷಿಯಲ್ಲೇ ಅವನಿಗೆ ಪ್ರಿಯವಾದ ಧರ್ಮಕಾರ್ಯಕ್ಕೆ ದುಡ್ಡು ಸುರಿದರು. ಅಭಿಮಾನ ಕಡಿಮೆಯಾಗಿ ಹಾಗೆ ಮಾಡಿದರು ಅನ್ನುತ್ತೀಯಾ? ಹಿಮ ಬೀಳುವಾಗ ಅಂಗಿ ಬಿಚ್ಚಿ ಕೂರುವ ಜನ ಅವರು.

ಆಫೀಸಿನಲ್ಲಿ ಪ್ಯಾಕರ್ಸ್ ಕಡೆಯವರು ಸಿಕ್ಕರೆ ಕೆಣಕು, ಆದರೆ ಆಟ ಗೊತ್ತಿದ್ದವನ ಹಾಗೆ ಕೆಣಕು. ನಿಮ್ಮ ಲೆಫ್ಟ್ ಟ್ಯಾಕಲ್ ನಿನ್ನೆ ಯಾಕೆ ಅಷ್ಟು ಸಲ ಹಿಂದೆ ಸರಿದ ಅಂತ ಕೇಳು, ಎರಡು ದಿನ ನಿದ್ದೆ ಬರುವುದಿಲ್ಲ ಅವರಿಗೆ. ಮತ್ತೆ, ಆ ಊರಿನ ಬಗ್ಗೆ ಹಗುರವಾಗಿ ಮಾತಾಡಬೇಡ. ಒಂದು ಲಕ್ಷ ಜನರ ಊರು, ತಂಡಕ್ಕೆ ಒಬ್ಬ ಸಾಹುಕಾರ ಒಡೆಯನಿಲ್ಲ, ಐದು ಲಕ್ಷಕ್ಕೂ ಹೆಚ್ಚು ಜನ ಲಾಭದ ಒಂದು ಕಾಸೂ ಬಾರದ ಷೇರು ಇಟ್ಟುಕೊಂಡು ನಡೆಸುತ್ತಿದ್ದಾರೆ. ಇದನ್ನು ಬೇರ್ಸ್ ಕಡೆಯವನಾಗಿ ಹೇಳುವುದು ನನಗೆ ಸುಲಭವಲ್ಲ ಅಂತ ನಿನಗೆ ಗೊತ್ತು.

ಕೊನೆಗೆ ಇನ್ನೊಂದು. 2023ರ ಜನವರಿ 8ರಂದು ಬೇರ್ಸ್ 3 ಗೆದ್ದು 14 ಸೋತು ತಳ ಕಂಡಿದ್ದರು. ಅದಕ್ಕಿಂತ ಕೆಳಗೆ ಹೂಸ್ಟನ್ ಟೆಕ್ಸನ್ಸ್ ಇದ್ದರು; ಅವರು ಸೋತರೆ ಡ್ರಾಫ್ಟ್‌ನ ಮೊದಲ ಆಯ್ಕೆ ಅವರಿಗೆ. ಕೊನೆಯ ನಿಮಿಷ, ಟೆಕ್ಸನ್ಸ್ ಏಳು ಅಂಕ ಹಿಂದೆ, ನಾಲ್ಕನೇ ಡೌನ್, 20 ಗಜ ಬೇಕು. ಯಾರ ಲೆಕ್ಕದಲ್ಲೂ ಇರದ ಅವರ ಕ್ವಾರ್ಟರ್‌ಬ್ಯಾಕ್ ಡೇವಿಸ್ ಮಿಲ್ಸ್ ಎಸೆದದ್ದು ಟಚ್‌ಡೌನ್ ಆಯಿತು, ಮೇಲೆ ಎರಡು ಅಂಕವನ್ನೂ ಕೇಳಿ ಪಡೆದರು, 32–31. ಗೆದ್ದು ಮೊದಲ ಆಯ್ಕೆಯನ್ನು ನಮಗೆ ಬಿಟ್ಟುಕೊಟ್ಟರು. ಅವರ ಕೋಚ್ ಯಾರು ಅಂತೀಯಾ, ಹಿಂದೆ ನಮ್ಮ ಬೇರ್ಸ್‌ನ್ನು ಸೂಪರ್ ಬೌಲ್‌ಗೆ ಒಯ್ದಿದ್ದ ಲವೀ ಸ್ಮಿತ್. ಗೆದ್ದ ರಾತ್ರಿಯೇ ಕೆಲಸ ಹೋಯಿತು. ಬೇರ್ಸ್ ಆ ಆಯ್ಕೆಯನ್ನು ಕ್ಯಾರೊಲಿನಾಕ್ಕೆ ಕೊಟ್ಟು ಡಿ.ಜೆ. ಮೂರ್‌ನನ್ನೂ ಮುಂದಿನ ಆಯ್ಕೆಗಳನ್ನೂ ತಂದರು. ಕ್ಯಾರೊಲಿನಾ ಮರುವರ್ಷ ಎಲ್ಲರಿಗಿಂತ ಕೆಳಗೆ ಬಿದ್ದಿತು, ಹಾಗೆ ಬಂದ ಮೊದಲ ಆಯ್ಕೆಯಲ್ಲಿ ನಮಗೆ ಸಿಕ್ಕವನೇ ಕೇಲಬ್ ವಿಲಿಯಮ್ಸ್. ಅವನ 18ನೇ ನಂಬರಿನ ಜರ್ಸಿ ನಿನ್ನ ಹತ್ತಿರ ಎರಡಿವೆ. ಮಿಲ್ಸ್‌ನ ಆ ಎಸೆತವನ್ನು ಇನ್ನೂ ನೋಡಿಲ್ಲವಾದರೆ ಈ ಭಾನುವಾರ ಬೇಗ ಬಾ, ಪಂದ್ಯ ಶುರುವಾಗುವ ಮೊದಲು ಹಾಕುತ್ತೇನೆ.