ಗುಟ್ಟು ಹೇಳಿದವನೂ ಗುಟ್ಟು ಮಾರಿದವನೂ

ಸರಕಾರದ ಗುಟ್ಟನ್ನು ಪರರಾಷ್ಟ್ರಕ್ಕೆ ಮಾರುವವನು ಬೇಹುಗಾರ. ಸರಕಾರ ಸುಳ್ಳು ಹೇಳುತ್ತಿರುವುದನ್ನು ಕಂಡು, ಅದನ್ನು ತನ್ನ ದೇಶದ ಜನರಿಗೇ ತಿಳಿಸುವವನು ಬೇರೆ. ಈ ವ್ಯತ್ಯಾಸ ಮಕ್ಕಳಿಗೂ ತಿಳಿಯುವಂಥದು. ಕಾಯಿದೆಗೆ ಮಾತ್ರ ಎಷ್ಟೋ ಸಲ ತಿಳಿಯುವುದಿಲ್ಲ. ಅಮೆರಿಕೆಯ ಡೇನಿಯಲ್ ಎಲ್ಸ್‌ಬರ್ಗ್ ಅವರ ಮೊಕದ್ದಮೆಯನ್ನು ನೋಡಿರಿ.

ವಿಯೆಟ್ನಾಂ ಯುದ್ಧದ ಬಗ್ಗೆ ರಕ್ಷಣಾ ಇಲಾಖೆಯೇ ಬರೆಸಿದ ಸುಮಾರು 7000 ಪುಟಗಳ ರಹಸ್ಯ ಇತಿಹಾಸವೊಂದಿತ್ತು. ಇಲಾಖೆಯಲ್ಲಿ ದುಡಿದಿದ್ದ ಎಲ್ಸ್‌ಬರ್ಗರು ಅದನ್ನು ಓದಿದರು. ಅಧ್ಯಕ್ಷರುಗಳು ಒಳಗೆ ತಿಳಿದಿದ್ದೇ ಒಂದು, ಜನರಿಗೆ ಹೇಳಿದ್ದೇ ಇನ್ನೊಂದು! 1969ರಲ್ಲಿ ಅವರು ಗುಟ್ಟಾಗಿ ಪ್ರತಿ ತೆಗೆದರು. 1971ರ ಜೂನ್ 13ರಿಂದ ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಅಚ್ಚು ಹಾಕತೊಡಗಿತು. ಸಂಧಾನದ ಮಾತುಕತೆಗಳಿದ್ದ ನಾಲ್ಕು ಸಂಪುಟಗಳನ್ನು ಮಾತ್ರ ಅವರು ಪತ್ರಿಕೆಗೆ ಕೊಡಲಿಲ್ಲ. ಮಾರಲು ಹೊರಟವನು ಬೆಲೆಬಾಳುವ ಸರಕನ್ನೇ ಮನೆಯಲ್ಲಿಟ್ಟು ಹೋಗುತ್ತಾನೆಯೇ?

ಆದರೂ ಮೊಕದ್ದಮೆ ಹೂಡಿದ್ದು 1917ರ ಬೇಹುಗಾರಿಕೆ ಕಾಯಿದೆಯ ಕೆಳಗೆ. ಎಲ್ಲ ಆಪಾದನೆಗಳೂ ರುಜುವಾತಾಗಿದ್ದರೆ 115 ವರ್ಷ ಸೆರೆ. ಪರರಾಷ್ಟ್ರಕ್ಕೆ ಕೊಟ್ಟರೆಂಬ ಆಪಾದನೆ ಅದರಲ್ಲಿ ಇರಲೇ ಇಲ್ಲ! ಪ್ರತಿ ತೆಗೆದದ್ದು ಏಕೆಂದು ಅವರ ವಕೀಲರು ನ್ಯಾಯಾಲಯದಲ್ಲಿ ಕೇಳಿದಾಗ ಸರಕಾರದ ಕಡೆಯವರು ಆಕ್ಷೇಪಿಸಿದರು. ನ್ಯಾಯಾಧೀಶರು ಅದನ್ನು ಎತ್ತಿಹಿಡಿದರು. ಕಾಗದ ಹೊರಗೆ ಹೋಯಿತೇ ಎಂಬುದಷ್ಟೇ ಪ್ರಶ್ನೆ, ಏಕೆ ಎಂಬುದಲ್ಲ. ಅನ್ಯಾಯದ ಬೇರು ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ.

1973ರ ಮೇ 11ರಂದು ಮೊಕದ್ದಮೆ ವಜಾ ಆಯಿತು. ಎಲ್ಸ್‌ಬರ್ಗರು ಮಾಡಿದ್ದು ಸರಿಯೆಂದಲ್ಲ. ಅವರ ಮನೋವೈದ್ಯರ ಕಚೇರಿಗೆ ಸರಕಾರದ ಕಡೆಯವರೇ ಕನ್ನ ಹಾಕಿದ್ದು ಬಯಲಾಯಿತೆಂದು. ಮೂಲ ಪ್ರಶ್ನೆ ಹಾಗೆಯೇ ಉಳಿಯಿತು.

ಫೈಲುಗಳ ನಡುವೆ ದುಡಿಯುವ ನಮ್ಮ ಗುಮಾಸ್ತ ಬಂಧುಗಳಿಗೆ ಇದು ದೂರದ ಕಥೆಯಲ್ಲ. ಬ್ರಿಟಿಷರು ಮಾಡಿಟ್ಟ 1923ರ ಸರಕಾರಿ ರಹಸ್ಯ ಕಾಯಿದೆ ನಮ್ಮಲ್ಲಿ ಇನ್ನೂ ಇದೆ. ಅದರ 3ನೆಯ ಕಲಮು ಬೇಹುಗಾರಿಕೆಯದು. 5ನೆಯದು ರಹಸ್ಯವನ್ನು ಅಕ್ರಮವಾಗಿ ತಿಳಿಸುವುದರದು. ಕಲಮು ಬೇರೆಯಾದರೂ ಕಾಯಿದೆ ಒಂದೇ. ಸಿಕ್ಕಿಬಿದ್ದವನ ಮೇಲೆ ಊರಿನವರು ಹಚ್ಚುವ ಮಸಿಯೂ ಒಂದೇ. ದೂರು ಕೊಟ್ಟವರ ರಕ್ಷಣೆಗೆಂದು 2014ರಲ್ಲಿ ಆದ ಕಾಯಿದೆ ಜಾರಿಗೇ ಬಂದಿಲ್ಲ. 2004ರ ಕೇಂದ್ರ ಸರಕಾರದ ನಿರ್ಣಯವೊಂದು ಮಾತ್ರ ಕೈಗೆ ಸಿಗುವಂತಿದೆ: ಕೇಂದ್ರದ ಕಚೇರಿಗಳಲ್ಲೂ ಅದರ ನಿಗಮಗಳಲ್ಲೂ ಕಂಡ ಭ್ರಷ್ಟಾಚಾರವನ್ನು ಕೇಂದ್ರ ಜಾಗೃತ ಆಯೋಗಕ್ಕೆ ಬರೆಯಬಹುದು. ಹೆಸರು, ವಿಳಾಸ ಲಕೋಟೆಯ ಮೇಲೆ ಬೇಡ, ಒಳಗಿನ ಪತ್ರದಲ್ಲಿರಬೇಕು. ಆಯೋಗ ಅದನ್ನು ಗುಟ್ಟಾಗಿಡುತ್ತದೆ. ಹೆಸರಿಲ್ಲದ ಪತ್ರವನ್ನು ಈ ನಿರ್ಣಯದ ಕೆಳಗೆ ತೆಗೆದುಕೊಳ್ಳುವುದಿಲ್ಲ.